ಮಾಲ್ಟನ್ ವೆಸ್ಟಿನ ಮೂವತ್ತು ತುಳು ಓಟುಗಳು

ಟೊರಾಂಟೊದ ಪಿಯರ್ಸನ್ ವಿಮಾನ ನಿಲ್ದಾಣದ ಪಕ್ಕದಲ್ಲಿ, ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ಒಂದು ದೊಡ್ಡ ಅಡುಗೆಮನೆ ಇದೆ. ಅಲ್ಲಿ ಹದಿನೇಳು ವರ್ಷದಿಂದ ಟ್ರೇ ಜೋಡಿಸುವ ಕೊರಪ್ಪೊಳುವಿನ ಬ್ಯಾಡ್ಜಿನ ಮೇಲೆ ‘ಕೋರಾ’ ಎಂದು ಬರೆದಿದೆ. ಪೂರ್ತಿ ಹೆಸರು ಬ್ಯಾಡ್ಜಿನಲ್ಲಿ ಹಿಡಿಸುವುದಿಲ್ಲವೆಂದು ಸೂಪರ್‌ವೈಸರ್ ಮೊದಲ ದಿನವೇ ಅದನ್ನು ಕತ್ತರಿಸಿದ್ದ. ಆದರೆ ಸರ್ಕಾರ ಉದಾರಿ. ಅವಳಿಗೆ ಇದ್ದದ್ದು ಒಂದೇ ಹೆಸರು. ಅಡ್ಡಹೆಸರಿನ ಜಾಗ ಖಾಲಿ ಬಿಡುವಂತಿಲ್ಲವೆಂದು ಅಲ್ಲಿಯೂ ಅದನ್ನೇ ತುಂಬಿದರು. ಹಾಗಾಗಿ ಕೆನಡಾದ ಪಾಸ್‌ಪೋರ್ಟಿನಲ್ಲಿ ಅವಳು ಕೊರಪ್ಪೊಳು ಕೊರಪ್ಪೊಳು. ಬೆಳ್ತಂಗಡಿ ಕಡೆಯ ಅವಳ ಊರಿನಲ್ಲಿ ಆ ಹೆಸರು ಕೇಳಿದ ಕೂಡಲೇ ಜನ ಅವಳನ್ನು ಅಂಗಳದಲ್ಲಿ ಎಷ್ಟು ದೂರ ನಿಲ್ಲಿಸಬೇಕೆಂದು ಅಳೆಯುತ್ತಿದ್ದರು. ಇಲ್ಲಿ ಸರ್ಕಾರ ಅದನ್ನೇ ಎರಡೆರಡು ಸಲ ಅಚ್ಚು ಹಾಕಿಕೊಟ್ಟದ್ದು ಅವಳಿಗೆ ಒಳಗೊಳಗೇ ಸಮಾಧಾನ.

ಅವಳ ಕಡೆಯವರಲ್ಲಿ ಪಿಯುಸಿ ಪಾಸಾದ ಮೊದಲ ಹುಡುಗಿ ಅವಳು. ಪಾಸಾಗಿ ಸಿಕ್ಕಿದ್ದು ಮಂಗಳೂರಿನ ಒಬ್ಬ ಡಾಕ್ಟರರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಆ ಡಾಕ್ಟರರ ಜೊತೆ ಮಸ್ಕತ್ತಿಗೆ ಹೋದಳು. ಅಲ್ಲಿಂದ, ಮನೆಯಲ್ಲೇ ಇದ್ದು ವಯಸ್ಸಾದವರನ್ನು ನೋಡಿಕೊಳ್ಳುವವರಿಗೆ ಕೊಡುವ ವೀಸಾದ ಮೇಲೆ 2001ರಲ್ಲಿ ಕೆನಡಾದ ಅರೋರಾಕ್ಕೆ ಬಂದಳು. ಪೆಟ್ಟಿಗೆಯ ತಳದಲ್ಲಿದ್ದ ಪಿಯುಸಿ ಸರ್ಟಿಫಿಕೇಟು ಮೊದಲ ಬಾರಿಗೆ ಕೆಲಸಕ್ಕೆ ಬಂದದ್ದು ಆಗ.

ಅರೋರಾದಲ್ಲಿ ಅವಳು ನೋಡಿಕೊಂಡ ಮಿಸೆಸ್ ಡಾಲ್ಟನ್‌ಗೆ ಎಂಬತ್ತೊಂಬತ್ತು ವರ್ಷ, ಗಾಲಿಕುರ್ಚಿ. ಮುದುಕಿಗೆ ಚುನಾವಣೆ ಎಂದರೆ ಮದುವೆಮನೆಯ ಸಂಭ್ರಮ. ದೇಶದ್ದಿರಲಿ, ಪ್ರಾಂತ್ಯದ್ದಿರಲಿ, ಊರಿನದ್ದಿರಲಿ, ಕೊನೆಗೆ ಶಾಲಾ ಮಂಡಳಿಯದ್ದಿರಲಿ, ತುಟಿಗೆ ಬಣ್ಣ ಹಚ್ಚಿಕೊಂಡು, “ಕುರ್ಚಿ ತಳ್ಳು” ಎನ್ನುತ್ತಿದ್ದಳು. ಒಮ್ಮೆ ಹಿಮ ಬಿದ್ದ ದಿನ ಕೊರಪ್ಪೊಳು, “ನಿಮ್ಮ ಒಂದು ಓಟಿನಿಂದ ಎಂತ ಆಗ್ತದೆ ಮೇಡಂ?” ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದ್ದಳು. “ಏನೂ ಆಗುವುದಿಲ್ಲ. ಆದರೆ ಅದು ನನ್ನದು” ಎಂದಿದ್ದಳು ಮುದುಕಿ.

ಈ ಮಾತು ಕೊರಪ್ಪೊಳುವಿನ ತಲೆಯಲ್ಲಿ ಕೂತುಬಿಟ್ಟಿತು. ಗಂಡ ಶೇಖರ, ಮಗಳು ಅಪೂರ್ವ ಬಂದು ಸೇರಿ, ವಿಮಾನ ನಿಲ್ದಾಣದ ಹತ್ತಿರದ ಮಾಲ್ಟನ್ನಿನಲ್ಲಿ ಮನೆ ಆಗಿ, 2010ರಲ್ಲಿ ಅವಳಿಗೆ ಪೌರತ್ವ ಸಿಕ್ಕಿದ ಮೇಲೆ ಒಂದೇ ಒಂದು ಓಟನ್ನೂ ತಪ್ಪಿಸಿದವಳಲ್ಲ. ಹೋಗುವಾಗ ಹಳದಿ ಸೀರೆ ಉಟ್ಟು, ಅದರ ಮೇಲೆ ಚಳಿಯ ಜಾಕೆಟು ಹಾಕುತ್ತಿದ್ದಳು. ಯಾರಿಗೆ ಹಾಕಿದೆ ಎಂದು ಶೇಖರನಿಗೂ ಹೇಳುತ್ತಿರಲಿಲ್ಲ. ಶೇಖರನಿಗೆ ಇಲ್ಲಿ ಓಟಿಲ್ಲ. ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ ವ್ಯಾನು ಓಡಿಸಿ, ಮೊಣಕಾಲು ಕೈಕೊಟ್ಟು ನಿವೃತ್ತನಾದ ಅವನು ಇಂದಿಗೂ ಭಾರತದ ಪಾಸ್‌ಪೋರ್ಟು ಬಿಟ್ಟಿರಲಿಲ್ಲ. “ನನ್ನ ಓಟು ಊರಲ್ಲಿ ಉಂಟು” ಎನ್ನುತ್ತಿದ್ದ. ಆ ಓಟು ಹಾಕಿ ಇಪ್ಪತ್ತು ವರ್ಷ ಕಳೆದಿತ್ತು.

ಇನ್ನು ಮೂವತ್ತು ಓಟುಗಳು ಹುಟ್ಟಿದ ಬಗೆ.

2021ರ ಮೇ ತಿಂಗಳಲ್ಲಿ ಜನಗಣತಿ ಬಂತು. ಆ ದೇಶದಲ್ಲಿ ಎಲ್ಲರಿಗೂ ಗಿಡ್ಡ ಫಾರ್ಮು, ನಾಲ್ಕು ಮನೆಗೆ ಒಂದು ಮನೆಯಂತೆ ಉದ್ದ ಫಾರ್ಮು. ಉದ್ದದ್ದು ಕೊರಪ್ಪೊಳುವಿನ ಮನೆಗೆ ಬಂತು. ಮನೆಯಲ್ಲಿ ಆಗ ಏಳು ಜನ: ಅವಳು, ಶೇಖರ, ಮಗಳು ಅಪೂರ್ವ, ಅಳಿಯ ವರುಣ್, ಮೂರು ವರ್ಷದ ಮೊಮ್ಮಗಳು ಇಂಚರಾ, ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ಇಬ್ಬರು ಕಾಲೇಜು ಹುಡುಗಿಯರು, ಉಡುಪಿಯ ಪ್ರಜ್ಞಾ ಮತ್ತು ಸುಳ್ಯದ ಸೌಜನ್ಯ. ಅಪೂರ್ವ ಲ್ಯಾಪ್‌ಟಾಪ್ ಇಟ್ಟುಕೊಂಡು ತುಂಬುತ್ತಿದ್ದಳು. ಇಂಗ್ಲಿಷು, ಫ್ರೆಂಚು ಬಿಟ್ಟು ಮಾತುಕತೆ ನಡೆಸುವಷ್ಟು ಚೆನ್ನಾಗಿ ಯಾವ ಭಾಷೆ ಬರುತ್ತದೆ ಎಂಬ ಪ್ರಶ್ನೆ ಬಂತು.

“ಎಲ್ಲರಿಗೂ ತುಳು ಬರಿ” ಎಂದಳು ಕೊರಪ್ಪೊಳು.

“ಅಮ್ಮ, ವರುಣ್ ಹಾಸನದವ್ರು. ಅವ್ರಿಗೆಲ್ಲಿ ತುಳು ಬರ್ತದೆ?”

“ಒಣಸ್ ಆಂಡಾ ಅಂತ ನಾನು ಕೇಳಿದ್ರೆ ಊಟಕ್ಕೆ ಬಂದು ಕೂತ್ಕೊಳ್ಳುದಿಲ್ವಾ? ಅದೇ ಮಾತುಕತೆ.”

“ಇಂಚರಾಗೆ ಮೂರು ವರ್ಷ. ಶೀ ಓನ್ಲಿ ಸೇಸ್ ನೀರ್.”

“ನೀರು ಕೇಳ್ಲಿಕ್ಕೆ ಬಂದ್ರೆ ಸಾಕು. ಬರಿ.”

ಹೀಗೆ ಏಳೂ ಜನ ತುಳು ಬಲ್ಲವರಾದರು. ಉದ್ದ ಫಾರ್ಮಿನ ಒಂದು ಮನೆ ನಾಲ್ಕು ಮನೆಗಳ ಪ್ರತಿನಿಧಿಯಾದ್ದರಿಂದ ಏಳು ಜನ ರಾಜಧಾನಿ ಒಟ್ಟಾವಾದ ಲೆಕ್ಕದಲ್ಲಿ ಇಪ್ಪತ್ತೆಂಟಾದರು. ಯಾರ ಗುಟ್ಟೂ ಹೊರಬೀಳಬಾರದೆಂದು ಅಲ್ಲಿ ಸಂಖ್ಯೆಗಳನ್ನು ಐದೈದರ ಕಟ್ಟಿಗೆ ಸೇರಿಸುತ್ತಾರೆ, ಇಪ್ಪತ್ತೆಂಟು ಮೂವತ್ತಾಯಿತು. ಮಾಲ್ಟನ್ ವೆಸ್ಟ್ ಎಂಬ ಲೋಕಸಭಾ ಕ್ಷೇತ್ರದ ಭಾಷೆಗಳ ಪಟ್ಟಿಯಲ್ಲಿ ಪಂಜಾಬಿ, ಗುಜರಾತಿ, ತಮಿಳು, ಉರ್ದು, ಇಟಾಲಿಯನ್, ಪೋಲಿಷ್ ಎಂದೆಲ್ಲ ಸಾವಿರಗಟ್ಟಲೆ ಇಳಿದುಬಂದು, ಕೆಳಗೆಲ್ಲೋ ಒಂದು ಸಾಲು ಹೀಗಿತ್ತು: ತುಳು, 30.

ನಾಲ್ಕು ವರ್ಷ ಆ ಸಾಲನ್ನು ಯಾರೂ ನೋಡಲಿಲ್ಲ. ಅಷ್ಟರಲ್ಲಿ ಅಪೂರ್ವ, ವರುಣ್, ಇಂಚರಾ ಮಿಲ್ಟನ್ನಿಗೆ ಮನೆ ಕೊಂಡು ಹೋದರು. ಪ್ರಜ್ಞಾ ಓದು ಮುಗಿಸಿ ವ್ಯಾಂಕೂವರಿಗೆ, ಸೌಜನ್ಯ ಮದುವೆಯಾಗಿ ದುಬೈಗೆ ಹೋದಳು.

ಆಮೇಲೆ ಚುನಾವಣೆ ಬಂತು. ಹಿಂದಿನ ಸಲ ಈ ಕ್ಷೇತ್ರದಲ್ಲಿ ವಿಕ್ರಮ್ ಎಂಬ ವಕೀಲ ಇನ್ನೂರ ಹದಿನಾಲ್ಕು ಓಟಿನಿಂದ ಸೋತಿದ್ದ. ಈ ಸಲ ಅವನ ಪಕ್ಷ ತನ್ಮಯ್ ಎಂಬ ಬೆಂಗಳೂರಿನ ಯುವಕನನ್ನು ಡೇಟಾ ನೋಡಲು ಇಟ್ಟುಕೊಂಡಿತು. ಜಯನಗರದಲ್ಲಿ ಹುಟ್ಟಿ, ಟೊರಾಂಟೊದಲ್ಲಿ ಎಂಬಿಎ ಮಾಡಿದವನು. ದೊಡ್ಡ ಸಮುದಾಯಗಳಿಗೆಲ್ಲ ಎರಡೂ ಪಕ್ಷದವರು ಆಗಲೇ ಮುತ್ತಿಗೆ ಹಾಕಿದ್ದರು. ಪಂಜಾಬಿಗಳ ಬಳಿ ಹೋದರೆ ಎದುರು ಪಕ್ಷದವರು ಚಹಾ ಕುಡಿಯುತ್ತಾ ಕೂತಿರುತ್ತಿದ್ದರು, ಇಟಾಲಿಯನ್ ಮುದುಕರ ಕ್ಲಬ್ಬಿಗೆ ಹೋದರೆ ಅವರೇ ಇಸ್ಪೀಟು ಕಲೆಸುತ್ತಿರುತ್ತಿದ್ದರು. ಯಾರೂ ಮುಟ್ಟದ ಚಿಕ್ಕ ಚಿಕ್ಕ ಸಮುದಾಯಗಳನ್ನು ಹಿಡಿದರೆ ಇನ್ನೂರ ಹದಿನಾಲ್ಕು ತುಂಬುತ್ತದೆಂದು ತನ್ಮಯ್ ಲೆಕ್ಕ ಹಾಕಿದ. ಪಟ್ಟಿಯ ತಳದಿಂದ ಮೇಲಕ್ಕೆ ಬಂದ. ಹಾಗೆ ಬರುವಾಗ ತುಳು ಸಿಕ್ಕಿತು.

ತುಳು ಎಂದರೆ ಯಾರನ್ನು ಹಿಡಿಯಬೇಕೆಂದು ವಿಚಾರಿಸಿದಾಗ ಎಲ್ಲರೂ ಒಂದೇ ಹೆಸರು ಹೇಳಿದರು: ಎರಿನ್ ಮಿಲ್ಸಿನ ಸತ್ಯಪ್ರಕಾಶ್. ಅವರು ರಿಯಲ್ ಎಸ್ಟೇಟ್ ಏಜೆಂಟರು, ತುಳುವರ ಸಂಘದ ಅಧ್ಯಕ್ಷರು. ಹನ್ನೊಂದು ವರ್ಷದಿಂದ ಆ ಹುದ್ದೆಯಲ್ಲಿದ್ದರು, ಬೇರೆ ಯಾರೂ ನಾಮಪತ್ರ ಸಲ್ಲಿಸಿರಲಿಲ್ಲ, ನಾಮಪತ್ರ ಸಿಗುವ ಜಾಗ ಅವರ ಮನೆಯಾಗಿತ್ತು.

“ಸರ್, ಮಾಲ್ಟನ್ ವೆಸ್ಟಲ್ಲಿ ಥರ್ಟಿ ತುಳು ಸ್ಪೀಕರ್ಸ್ ಇದಾರೆ. ನಿಮಗೆ ಗೊತ್ತಾ?” ಎಂದು ತನ್ಮಯ್ ಫೋನಿನಲ್ಲಿ ಕೇಳಿದ.

ಮಾಲ್ಟನ್ನಿನಲ್ಲಿ ಒಬ್ಬ ತುಳುವ ಇರುವುದೂ ಸತ್ಯಪ್ರಕಾಶರಿಗೆ ಗೊತ್ತಿರಲಿಲ್ಲ. ಆದರೂ, “ಗೊತ್ತಿಲ್ಲದೆ ಉಂಟಾ? ಎಲ್ಲ ನಮ್ಮವ್ರೇ. ನಾನು ಹೇಳಿದ ಕಡೆಗೆ ಹಾಕ್ತಾರೆ” ಎಂದರು.

ಫೋನಿಟ್ಟ ಮೇಲೆ ಅವರು ಆ ಮೂವತ್ತು ಜನರನ್ನು ಹುಡುಕಲು ಕೂತರು. ಸಂಘದ ಸದಸ್ಯರ ಪಟ್ಟಿಯಲ್ಲಿ ಮಾಲ್ಟನ್ ಎಂಬ ಊರೇ ಇರಲಿಲ್ಲ. ಅವರಿವರಿಗೆ ಫೋನು ಮಾಡಿ ಮೂರನೆಯ ದಿನ ಒಬ್ಬರಿಂದ ಒಂದು ನಂಬರು ಸಿಕ್ಕಿತು. ಹೆಸರು ಕೇಳಿದಾಗ ಅವರಿಗೆ ಎಲ್ಲೋ ಕೇಳಿದಂತಾಯಿತು.

ಕೇಳಿಯೇ ಇದ್ದರು. ಒಂಬತ್ತು ವರ್ಷದ ಹಿಂದೆ ಸಂಘದ ಪಿಕ್ನಿಕ್ಕಿಗೆ ಕೊರಪ್ಪೊಳು ಶೇಖರನ ಜೊತೆ ಹೋಗಿದ್ದಳು. ಸತ್ಯಪ್ರಕಾಶರು ಸದಸ್ಯತ್ವದ ಫಾರ್ಮು ಹಿಡಿದು ನಗುತ್ತಾ ಬಂದು ಊರು ಕೇಳಿದ್ದರು, ಮನೆತನ ಕೇಳಿದ್ದರು, ಕೊನೆಗೆ ಹೆಸರು ಕೇಳಿದ್ದರು. ಹೆಸರು ಕೇಳಿದ ಮೇಲೆ ಮತ್ತೇನೂ ಕೇಳಲಿಲ್ಲ. ಫಾರ್ಮು ಮುಗಿದಿದೆ, ಅಂಚೆಯಲ್ಲಿ ಕಳಿಸುತ್ತೇನೆ ಎಂದಿದ್ದರು. ಆ ಅಂಚೆ ಇನ್ನೂ ಬಂದಿರಲಿಲ್ಲ.

ಶನಿವಾರ ಮಧ್ಯಾಹ್ನ ಸತ್ಯಪ್ರಕಾಶರ ದೊಡ್ಡ ಕಾರು ಕೊರಪ್ಪೊಳುವಿನ ಮನೆಯ ಮುಂದೆ ನಿಂತಿತು. ಅವರ ಕೈಯಲ್ಲಿ ಎರಡು ಕಿಲೋ ಸ್ವೀಟಿನ ಡಬ್ಬ, ಜೊತೆಯಲ್ಲಿ ಲ್ಯಾಪ್‌ಟಾಪ್ ಹಿಡಿದ ತನ್ಮಯ್. ಸತ್ಯಪ್ರಕಾಶರ ಮನೆಯಂಥ ಮನೆಗಳ ಯಜಮಾನರನ್ನು ಕೊರಪ್ಪೊಳುವಿನ ತಾಯಿ ‘ಧನಿಗಳೇ’ ಎಂದು ಕರೆಯುತ್ತಿದ್ದಳು, ಅದೂ ನೆಲ ನೋಡಿಕೊಂಡು. ಕೊರಪ್ಪೊಳು ಬಾಗಿಲು ತೆಗೆದು, “ಬನ್ನಿ ಸತ್ಯಪ್ರಕಾಶಣ್ಣ” ಎಂದಳು.

“ಎಷ್ಟು ವರ್ಷ ಆಯ್ತು ನೋಡಿ ಕೊರಪ್ಪೊಳಕ್ಕ. ನೀವು ಸಂಘಕ್ಕೆ ಬರುದೇ ಬಿಟ್ಟಿದ್ದೀರಿ” ಎಂದು ಅವರು ಒಳಗೆ ಬಂದರು.

“ನಿಮ್ಮ ಫಾರ್ಮು ಬರ್ಲಿ ಅಂತ ಕಾಯ್ತಾ ಇದ್ದೆ” ಎಂದಳು ಅವಳು.

ಸತ್ಯಪ್ರಕಾಶರು ಕೆನಡಾದ ಅಂಚೆಯವರ ಮುಷ್ಕರದ ಬಗ್ಗೆ ಸ್ವಲ್ಪ ಹೊತ್ತು ಬೇಸರದಿಂದ ಮಾತಾಡಿದರು. ಕೊರಪ್ಪೊಳು ಚಹಾ ತಂದಿಟ್ಟು, ಅವರ ಕೈಯನ್ನೇ ನೋಡುತ್ತಾ ನಿಂತಳು. ಅವರು ಲೋಟ ತೆಗೆದುಕೊಂಡು ಕುಡಿದರು. ಖಾಲಿ ಮಾಡಿ, “ಇನ್ನರ್ಧ ಲೋಟ ಉಂಟಾ ಅಕ್ಕ? ಒಳ್ಳೆಯದಾಗಿದೆ” ಎಂದೂ ಕೇಳಿದರು. ಊರಿನಲ್ಲಿ ಮೂರು ತಲೆಮಾರಿಗೆ ಆಗದ ಕೆಲಸವನ್ನು ಅಂಕಿಅಂಶಗಳ ಒಂದು ಸಾಲು ಹದಿನೈದು ನಿಮಿಷದಲ್ಲಿ ಮಾಡಿತ್ತು.

ತನ್ಮಯ್ ಲ್ಯಾಪ್‌ಟಾಪ್ ತೆರೆದ. “ಆಂಟಿ, ನಮ್ ಮಾಡೆಲ್ ಪ್ರಕಾರ ಈ ರೈಡಿಂಗಲ್ಲಿ, ಅಂದ್ರೆ ಕ್ಷೇತ್ರದಲ್ಲಿ, ಮೂವತ್ತು ತುಳು ಜನ. ಟರ್ನೌಟ್ ಸಿಕ್ಸ್ಟಿಟೂ ಪರ್ಸೆಂಟ್ ಅಂತ ತಗೊಂಡ್ರೆ ಹದಿನೆಂಟು ಪಾಯಿಂಟ್ ಆರು ಓಟು.”

“ಆ ಪಾಯಿಂಟ್ ಆರು ಯಾರದ್ದು?” ಎಂದು ಸೋಫಾದ ಮೂಲೆಯಿಂದ ಶೇಖರ ಕೇಳಿದ.

“ಅದು ಆವರೇಜ್ ಅಂಕಲ್.”

“ಹಾಗಾದ್ರೆ ಅದು ನನ್ನದಿರ್ಬೇಕು” ಎಂದು ಶೇಖರ ಮೊಣಕಾಲು ನೀವಿಕೊಂಡ.

ಕೊರಪ್ಪೊಳು ಪರದೆಯ ಹತ್ತಿರ ಬಗ್ಗಿದಳು. ಅಷ್ಟು ದೊಡ್ಡ ಪಟ್ಟಿಯಲ್ಲಿ ತನ್ನ ಭಾಷೆಯ ಹೆಸರನ್ನು ಕಂಡು ಅದರ ಮೇಲೆ ಬೆರಳಿಟ್ಟಳು. “ಇದನ್ನು ಎಲ್ಲಿಂದ ತಂದಿರಿ ನೀವು?”

“ಸೆನ್ಸಸ್ ಆಂಟಿ. ಲಾಂಗ್ ಫಾರ್ಮ್. ನಾಲ್ಕು ಮನೇಲಿ ಒಂದು ಮನೆ ಕೇಳಿ, ಅದನ್ನ ಇಂಟೂ ಫೋರ್ ಮಾಡ್ತಾರೆ. ಆಮೇಲೆ ಫೈವ್‌ಗೆ ರೌಂಡ್ ಆಫ್.”

ಪಿಯುಸಿಯಲ್ಲಿ ಗಣಿತಕ್ಕೆ ಎಪ್ಪತ್ತೊಂದು ತೆಗೆದವಳು ಅವಳು. ಏಳು ನಾಲ್ಕಲೆ ಇಪ್ಪತ್ತೆಂಟು ಎಂಬುದು ತಲೆಗೆ ಹೊಳೆಯಲು ಎರಡು ಕ್ಷಣ ಸಾಕಾಯಿತು. ಶೇಖರನ ಮುಖ ನೋಡಿದಳು. ಅವನಿಗೂ ಹೊಳೆದಿತ್ತು, ಅವನು ಸ್ವೀಟಿನ ಡಬ್ಬದಲ್ಲಿ ಏನನ್ನೋ ಹುಡುಕತೊಡಗಿದ. ಆ ಮೂವತ್ತು ಜನರಲ್ಲಿ ಒಬ್ಬ ಹಾಸನದವನು, ಒಬ್ಬಳು ನೀರು ಮಾತ್ರ ಕೇಳುವವಳು, ಇಬ್ಬರು ಭೂಮಿಯ ಎರಡು ದಿಕ್ಕಿನಲ್ಲಿದ್ದಾರೆ, ಇಪ್ಪತ್ತಮೂರು ಜನ ಹುಟ್ಟಿಯೇ ಇಲ್ಲ. ಓಟು ಇದ್ದದ್ದು ಚಹಾ ತಂದ ಒಬ್ಬಳಿಗೆ.

ಹೇಳಿಬಿಡೋಣವೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಸತ್ಯಪ್ರಕಾಶರು, “ನಮ್ಮ ಮೂವತ್ತು ಜನರನ್ನು ಒಂದು ಕಡೆ ಸೇರಿಸಿ ಕೊಡಿ ಅಕ್ಕ. ವಿಕ್ರಮ್ ಅವರು ಖುದ್ದು ಬರ್ತಾರೆ. ನಿಮಗೆ ಎಂತ ಬೇಕೋ ಕೇಳ್ಬಹುದು” ಎಂದರು.

“ಎಂತ ಬೇಕಾದ್ರೂ?” ಎಂದಳು ಕೊರಪ್ಪೊಳು.

ಅವಳಿಗೆ ಬೇಕಾದದ್ದು ಒಂದಿತ್ತು. ಅಡುಗೆಮನೆಗೆ ಹೋಗುವ ಬಸ್ಸಿನ ಸ್ಟಾಪಿನಲ್ಲಿ ಒಂದು ಕಂಬ ಬಿಟ್ಟರೆ ಬೇರೇನೂ ಇಲ್ಲ. ಸುತ್ತ ಗೋದಾಮುಗಳ ಬಯಲು. ರನ್‌ವೇ ಕಡೆಯಿಂದ ಬೀಸುವ ಗಾಳಿಗೆ ಜನವರಿಯಲ್ಲಿ ರೆಪ್ಪೆಗೂದಲೂ ಗಟ್ಟಿಯಾಗುತ್ತದೆ. ಶಿಫ್ಟು ಬಿಟ್ಟ ಮೂವತ್ತು ನಲವತ್ತು ಹೆಂಗಸರು ಅಲ್ಲಿ ಒಬ್ಬರ ಬೆನ್ನಿಗೊಬ್ಬರು ನಿಂತು ಕಾಯುತ್ತಾರೆ. ಒಂದು ಗಾಜಿನ ತಂಗುದಾಣ ಕಟ್ಟಿಸಿಕೊಡಿ ಎಂದು ಎಂಟು ವರ್ಷದಿಂದ ಅವಳು ಕಾಗದ ಬರೆಯುತ್ತಿದ್ದಳು. ಅಲ್ಲಿ ಕಾಯುವವರ ಸಂಖ್ಯೆ ಸಾಲದು ಎಂದು ಎಂಟು ವರ್ಷವೂ ಒಂದೇ ಉತ್ತರ ಬಂದಿತ್ತು.

“ನನ್ನ ಜನ ಮೂವತ್ತು ಆಗ್ತಾರೆ” ಎಂದು ಅವಳು ನಿಧಾನಕ್ಕೆ ಹೇಳಿದಳು. “ಕರ್ಕೊಂಡು ಬರ್ತೇನೆ.”

ಅವರು ಹೋದ ಮೇಲೆ ಶೇಖರ ಕೇಳಿದ, “ಎಲ್ಲಿಂದ ತರ್ತೀಯಾ ಮಾರಾಯ್ತಿ ಮೂವತ್ತು ತುಳುವರನ್ನು?”

“ತುಳುವರು ಅಂತ ನಾನು ಹೇಳ್ಲೇ ಇಲ್ಲ.”

ಸೋಮವಾರ ಊಟದ ಬಿಡುವಿನಲ್ಲಿ ಅವಳು ಜೊತೆಯವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಭಾನುವಾರ ಒಬ್ಬ ಉಮೇದುವಾರ ಬರುತ್ತಾನೆ, ಅವನ ಕೈಯಲ್ಲಿ ತಪ್ಪು ಲೆಕ್ಕ ಇದೆ, ಊಟ ಇರುತ್ತದೆ, ತಂಗುದಾಣ ಕೇಳಬಹುದು. ಜಮೈಕಾದ ಮಾರ್ಸಿಯಾ ಅಲ್ಲಿ ಎಲ್ಲರಿಗಿಂತ ಹಿರಿಯಳು. ಟ್ರೇ ಪಕ್ಕಕ್ಕಿಟ್ಟು, “ಅವನಿಗೆ ನಾವು ಯಾರೆಂದು ಗೊತ್ತಿರಬೇಕಾಗಿಲ್ಲ ಕೋರಾ. ನಾವು ಎಲ್ಲಿ ನಿಲ್ಲುತ್ತೇವೆಂದು ಗೊತ್ತಾದರೆ ಸಾಕು” ಎಂದಳು. ಪಂಜಾಬಿನ ಬಲ್ಜೀತಳಿಗೆ ಒಂದೇ ಅನುಮಾನ: “ಖಾನಾ ವೆಜ್ ಹೈ ಕ್ಯಾ?”

ಆ ವಾರವೇ ಅಂಚೆಯಲ್ಲಿ ಒಂದು ಬಣ್ಣದ ಕಾಗದ ಬಂತು. ಅಂಚೆಯವರು ಈಗ ಚುರುಕಾಗಿದ್ದರು. ಮೇಲೆ ವಿಕ್ರಮನ ನಗು, ಕೆಳಗೆ ಕನ್ನಡ ಲಿಪಿಯಲ್ಲಿ ತುಳು. ಇಂಗ್ಲಿಷಿನಲ್ಲಿ ಚುನಾವಣೆಗೆ ನಿಲ್ಲುವುದಕ್ಕೆ ಓಡುವುದು ಎನ್ನುತ್ತಾರೆ. ಅದನ್ನು ಯಂತ್ರಕ್ಕೆ ಕೊಟ್ಟು ತುಳು ಮಾಡಿಸಿದ್ದರು. “ವಿಕ್ರಮ್ ನಿಕ್ಲೆಗಾದ್ ಬಲಿಪೊಂದುಲ್ಲೆರ್” ಎಂದು ಶೇಖರ ಗಟ್ಟಿಯಾಗಿ ಓದಿದ. ವಿಕ್ರಮ್ ನಿಮಗಾಗಿ ಓಡುತ್ತಿದ್ದಾರೆ.

“ಯಾರು ಅಟ್ಟಿಸ್ಕೊಂಡು ಬಂದ್ರಂತೆ?” ಎಂದು ಕೇಳಿ, ಅವನು ಅದನ್ನು ಮಡಚಿ ಊಟದ ಮೇಜಿನ ಕುಂಟುವ ಕಾಲಿಗೆ ಕೊಟ್ಟ.

ಭಾನುವಾರ ಮಧ್ಯಾಹ್ನ ಸಮುದಾಯ ಭವನದ ಚಿಕ್ಕ ಕೋಣೆ. ಬಾಗಿಲಿಗೆ ಬ್ಯಾನರು, ಮೇಜಿನ ಮೇಲೆ ಸತ್ಯಪ್ರಕಾಶರು ತರಿಸಿದ ಕೋಳಿಸಾರಿನ ಕೋರಿರೊಟ್ಟಿ, ನೀರ್‌ದೋಸೆ, ಬಲ್ಜೀತಳ ಪುಣ್ಯಕ್ಕೆ ಕಡಲೆ ಗಸಿ. ಎರಡು ಗಂಟೆಗೆ ಹೆಂಗಸರು ಬಸ್ಸಿಳಿದು ಬಂದರು. ಕೆಲವರು ಶಿಫ್ಟಿನಿಂದ ನೇರವಾಗಿ, ತಲೆಗೆ ಬಲೆ ಹಾಕಿಕೊಂಡೇ ಬಂದಿದ್ದರು. ಜಮೈಕಾದವರು, ಫಿಲಿಪೀನ್ಸಿನವರು, ಪಂಜಾಬಿನವರು, ಜಾಫ್ನಾದ ಇಬ್ಬರು, ಪೋಲೆಂಡಿನ ಒಬ್ಬಳು. ಶೇಖರನೂ ಸೇರಿ ಮೂವತ್ತೊಂದು ಜನ.

ತನ್ಮಯ್ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದವನು ಹನ್ನೆರಡಕ್ಕೆ ನಿಲ್ಲಿಸಿದ. ಸತ್ಯಪ್ರಕಾಶರ ಹತ್ತಿರ ಹೋಗಿ, “ಸರ್, ಇವರೆಲ್ಲ ತುಳುನಾ?” ಎಂದು ಪಿಸುಗುಟ್ಟಿದ.

ಸತ್ಯಪ್ರಕಾಶರು ಬೆವರುತ್ತಿದ್ದರು. ಇಲ್ಲ ಎಂದರೆ ತಮ್ಮ ಕೈಯಲ್ಲಿದ್ದ ಮೂವತ್ತು ಓಟು ಎಲ್ಲಿ ಎಂದು ಹೇಳಬೇಕಾಗುತ್ತಿತ್ತು. ಮಾರ್ಸಿಯಾಳನ್ನು ನೋಡಿದರು, ಪೋಲೆಂಡಿನ ಹೆಂಗಸನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

“ನಮ್ಮ ಸಮುದಾಯ ಬಹಳ ಡೈವರ್ಸ್” ಎಂದರು.

ತನ್ಮಯ್ ಅದನ್ನು ಬರೆದುಕೊಂಡ.

ವಿಕ್ರಮ್ ಇಪ್ಪತ್ತು ನಿಮಿಷ ತಡವಾಗಿ ಬಂದ. ಎತ್ತರದ, ಸುಂದರ, ದಣಿದ ಮನುಷ್ಯ. ಅಂದು ಅವನಿಗೆ ಅದು ಐದನೆಯ ಸಮುದಾಯ. ಕಾರಿನಲ್ಲಿ ಕಂಠಪಾಠ ಮಾಡಿಕೊಂಡ ಮಾತನ್ನು ಮೈಕಿನ ಮುಂದೆ ನಿಂತು ಹೇಳಿದ: “ಎಂಚಾ ಡಾಲರ್?”

ಎಂಚ ಉಲ್ಲರ್, ಹೇಗಿದ್ದೀರಿ, ಎಂದು ಕೇಳಬೇಕಿತ್ತು. ಡಾಲರು ಹೇಗಿದೆ ಎಂದು ಕೇಳಿದಂತಾಯಿತು. ಕೊರಪ್ಪೊಳು ಊಟದ ಬಿಡುವಿನಲ್ಲಿ ಜೊತೆಯವರಿಗೆ ಒಂದೇ ಒಂದು ಪದ ಕಲಿಸಿದ್ದಳು, ಯಾರಾದರೂ ಏನಾದರೂ ಕೇಳಿದರೆ ಮರ್ಯಾದೆಗೆ ಹೇಳಲಿ ಎಂದು.

“ಸೌಖ್ಯ” ಎಂದರು ಇಪ್ಪತ್ತೊಂಬತ್ತು ಹೆಂಗಸರು ಒಟ್ಟಿಗೆ. ವಿಕ್ರಮನ ಮುಖ ಅರಳಿತು. ಫೋಟೋದವನು ನಾಲ್ಕು ಸಲ ಕ್ಲಿಕ್ ಮಾಡಿದ.

ಆಮೇಲೆ ಸತ್ಯಪ್ರಕಾಶರ ಭಾಷಣ. ಅದನ್ನು ತುಳುವಿನಲ್ಲೇ ಮಾಡಬೇಕೆಂದು ಪಕ್ಷದವರು ಮೊದಲೇ ಹೇಳಿದ್ದರು, ವಿಡಿಯೋ ಬೇಕಿತ್ತು. ಅವರು ಸಮುದ್ರವನ್ನು ಹೊಗಳಿದರು, ಪೂರ್ವಜರನ್ನು ನೆನೆದರು, ನಾವೆಲ್ಲ ಒಂದೇ ತಾಯಿಯ ಮಕ್ಕಳು, ನಮ್ಮಲ್ಲಿ ಮೇಲು ಕೀಳೆಂಬುದಿಲ್ಲ ಎಂದರು. ಅದನ್ನು ಹೇಳುವಾಗ ಕೋಣೆಯಲ್ಲಿ ಆ ಮಾತು ಅರ್ಥವಾಗುವವರು ಇಬ್ಬರೇ ಇದ್ದಾರೆಂದು ನೆನಪಾಯಿತೋ ಏನೋ, ಆ ಇಬ್ಬರ ಕಡೆ ಮಾತ್ರ ನೋಡಲಿಲ್ಲ. ಕೊರಪ್ಪೊಳು ಕೈ ತಟ್ಟಿದಳು. ಅವಳು ತಟ್ಟಿದಾಗಲೆಲ್ಲ ಉಳಿದವರೂ ತಟ್ಟಿದರು. ಹನ್ನೊಂದು ವರ್ಷದ ಅಧ್ಯಕ್ಷಗಿರಿಯಲ್ಲಿ ಸತ್ಯಪ್ರಕಾಶರಿಗೆ ಅಷ್ಟು ಚಪ್ಪಾಳೆ ಎಂದೂ ಬಿದ್ದಿರಲಿಲ್ಲ. ಭಾಷಣ ಐದು ನಿಮಿಷ ಹೆಚ್ಚೇ ಆಯಿತು.

ಪ್ರಶ್ನೆಗಳ ಹೊತ್ತಿಗೆ ಕೊರಪ್ಪೊಳು ಎದ್ದು ನಿಂತಳು. ಹಳದಿ ಸೀರೆ, ಕೈಯಲ್ಲಿ ಎಂಟು ವರ್ಷದ ಕಾಗದಗಳ ಕಟ್ಟು. ಇಂಗ್ಲಿಷಿನಲ್ಲಿ, ಅವಸರವಿಲ್ಲದೆ, ಸ್ಟಾಪಿನ ನಂಬರು ಹೇಳಿದಳು, ನಿಲ್ಲುವವರ ಸಂಖ್ಯೆ ಹೇಳಿದಳು, ಹೋದ ಫೆಬ್ರವರಿಯಲ್ಲಿ ಬಲ್ಜೀತ್ ಜಾರಿ ಬಿದ್ದು ಮಣಿಕಟ್ಟು ಮುರಿದದ್ದು ಹೇಳಿದಳು.

ವಿಕ್ರಮ್ ತಲೆದೂಗುತ್ತಾ ಕೇಳಿ, ಬಸ್ಸು ನಗರಸಭೆಯ ವಿಷಯವೆಂದೂ ತಾನು ನಿಂತಿರುವುದು ದೇಶದ ಸಂಸತ್ತಿಗೆಂದೂ ತುಳು ಪರಂಪರೆಯ ತಿಂಗಳೊಂದನ್ನು ಬೇಕಾದರೆ ಸಂಸತ್ತಿನಲ್ಲಿ ಪ್ರಸ್ತಾಪಿಸಬಲ್ಲೆನೆಂದೂ ವಿವರಿಸಿದ.

“ಆ ತಿಂಗಳು ಜನವರಿ ಆಗಿದ್ದರೆ ನಾವು ಅದನ್ನು ಎಲ್ಲಿ ನಿಂತು ಆಚರಿಸುವುದು?” ಎಂದು ಮಾರ್ಸಿಯಾ ಕೇಳಿದಳು.

ನಗು ಎದ್ದಿತು. ವಿಡಿಯೋ ಓಡುತ್ತಿತ್ತು. ವಿಕ್ರಮನಿಗೆ ಬೇರೆ ದಾರಿ ಉಳಿಯಲಿಲ್ಲ. ನಾಳೆಯೇ ನಗರಸಭೆಗೆ ತಾನೇ ಫೋನು ಮಾಡುತ್ತೇನೆಂದು ಎಲ್ಲರ ಮುಂದೆ ಮಾತು ಕೊಟ್ಟ.

ಮಾಡಿದ ಕೂಡ. ಆ ವಿಡಿಯೋ ನೋಡಿ, ತುಳುವರೆಲ್ಲ ಕೈಬಿಟ್ಟುಹೋದರೆಂದು ಗಾಬರಿಯಾಗಿ ಎದುರು ಪಕ್ಷದವರೂ ಮಾರನೆಯ ದಿನ ನಗರಸಭೆಗೆ ಫೋನು ಮಾಡಿದರು. ಎಂಟು ವರ್ಷ ಸಾಲದೇ ಇದ್ದ ಸಂಖ್ಯೆ ಎರಡು ಫೋನಿಗೆ ಸಾಕಾಯಿತು. ಹತ್ತು ದಿನದಲ್ಲಿ ಕೆಲಸದವರು ಬಂದು ಗಾಜಿನ ತಂಗುದಾಣ ಕಟ್ಟಿದರು, ರಸ್ತೆಯ ಆಚೆ ಬದಿಗೆ. ಹೆಂಗಸರು ಬಸ್ಸಿಳಿಯುವ ಕಡೆ ಅದು, ಹತ್ತುವ ಕಡೆಯಲ್ಲ. ನಗರಸಭೆಯ ಕಾಗದದಲ್ಲಿ ಸ್ಟಾಪಿನ ನಂಬರಿನ ಒಂದು ಅಂಕಿ ತಪ್ಪಿತ್ತಂತೆ. ಸರಿಪಡಿಸಲು ಮುಂದಿನ ಬಜೆಟ್ಟು ಬರಬೇಕಂತೆ. ಈಗ ಅವರು ಆಚೆ ಬದಿಯಲ್ಲಿ ಗಾಜಿನೊಳಗೆ ಬೆಚ್ಚಗೆ ನಿಂತಿರುತ್ತಾರೆ. ಮಾರ್ಸಿಯಾ ರಸ್ತೆ ನೋಡುತ್ತಿರುತ್ತಾಳೆ. ಬಸ್ಸಿನ ದೀಪ ಕಂಡ ಕೂಡಲೇ ಕೂಗುತ್ತಾಳೆ, ಎಲ್ಲರೂ ಬ್ಯಾಗು ಎತ್ತಿಕೊಂಡು ರಸ್ತೆ ದಾಟುತ್ತಾರೆ. ಏನೂ ಇಲ್ಲದ್ದಕ್ಕಿಂತ ಇದು ವಾಸಿ ಎಂದು ಕೊರಪ್ಪೊಳು ಹೇಳುತ್ತಾಳೆ. ಕಾಗದ ಬರೆಯುವುದನ್ನೂ ಬಿಟ್ಟಿಲ್ಲ.

ಚುನಾವಣೆಯ ದಿನ ಅವಳು ಶಿಫ್ಟು ಮುಗಿಸಿ, ಶಾಲೆಯ ಜಿಮ್ಮಿನಲ್ಲಿ ಸಾಲು ನಿಂತಳು. ಪಟ್ಟಿ ನೋಡುತ್ತಿದ್ದ ಹುಡುಗಿ ಹೆಸರು ಎರಡು ಸಲ ಅಚ್ಚಾಗಿದೆಯಲ್ಲ ಎಂದು ಅನುಮಾನಪಟ್ಟಳು. “ಎರಡೂ ನಾನೇ. ಓಟು ಒಂದೇ” ಎಂದಳು ಕೊರಪ್ಪೊಳು. ರಟ್ಟಿನ ಮರೆಯ ಹಿಂದೆ ಹೋಗಿ, ಪೆನ್ಸಿಲು ಹಿಡಿದು, ಸ್ವಲ್ಪ ಹೊತ್ತು ಯೋಚಿಸಿದಳು. ಒಂದೂವರೆ ಲೋಟ ಚಹಾ, ಗಾಜಿನ ಗೂಡು, ಬಲ್ಜೀತಳ ಮಣಿಕಟ್ಟು ಎಲ್ಲ ಮನಸ್ಸಿಗೆ ಬಂದವು. ಗುರುತು ಹಾಕಿ, ಕಾಗದ ಮಡಚಿ, ಪೆಟ್ಟಿಗೆಗೆ ಹಾಕಿ ಬಂದಳು.

ವಿಕ್ರಮ್ ಅರವತ್ತೊಂದು ಓಟಿನಿಂದ ಸೋತ.

ಎರಡು ವಾರದ ಮೇಲೆ ತನ್ಮಯ್ ಒಂದು ವರದಿ ಬರೆದ, ಇಪ್ಪತ್ತಾರು ಪುಟ, ಬಣ್ಣದ ನಕ್ಷೆಗಳ ಜೊತೆ. ಸತ್ಯಪ್ರಕಾಶರು ಅದರ ಒಂದು ಪುಟವನ್ನು ವಾಟ್ಸಾಪಿನಲ್ಲಿ ಕೊರಪ್ಪೊಳುವಿಗೆ ಕಳಿಸಿ, ಕೆಳಗೆ ‘ಯಾಕೆ ಹೀಗೆ ಮಾಡಿದಿರಿ ಅಕ್ಕ’ ಎಂದು ಕೇಳಿದ್ದರು. ಕೊರಪ್ಪೊಳು ಇರುವ ಬೀದಿಗಳ ಮತಗಟ್ಟೆಯಲ್ಲಿ ಎರಡೂ ಪಕ್ಷಕ್ಕೆ ಹೆಚ್ಚುಕಡಿಮೆ ಸಮ ಓಟು ಬಿದ್ದಿದ್ದವು. ಅದರ ಪಕ್ಕದಲ್ಲಿ ತನ್ಮಯ್ ಸೋಲಿನ ಕಾರಣಗಳಲ್ಲಿ ನಾಲ್ಕನೆಯದಾಗಿ ಬರೆದಿದ್ದ: ತುಳು ಮತಗಳು ಕೊನೆಯ ಗಳಿಗೆಯಲ್ಲಿ ಒಡೆದುಹೋದವು.

ಶೇಖರ ಅದನ್ನು ಎರಡು ಸಲ ಓದಿಸಿಕೊಂಡ. ಕೆಮ್ಮು ಬರುವಷ್ಟು ನಕ್ಕ. ನಕ್ಕು ಮುಗಿದ ಮೇಲೆ ಎದ್ದು ಅವಳ ಹಿಂದೆ ಒಳಗೆ ಬಂದ. ಕೊರಪ್ಪೊಳು ಬಂಗುಡೆ ತೊಳೆಯುತ್ತಿದ್ದಳು.

“ನನಗೂ ಒಂದು ಬೇಕು” ಎಂದ.

“ಎಂತದ್ದು? ಮೀನಾ?”

“ಓಟು.”

ಅವಳು ನಲ್ಲಿ ನಿಲ್ಲಿಸಿ ತಿರುಗಿ ನೋಡಿದಳು. “ನಿಮ್ಮದು ಊರಲ್ಲಿ ಉಂಟಲ್ಲ?”

“ಅದನ್ನು ಇಪ್ಪತ್ತು ವರ್ಷದಿಂದ ಬೇರೆ ಯಾರೋ ಹಾಕ್ತಾ ಇರ್ಬಹುದು” ಎಂದ ಶೇಖರ. “ನಿನ್ನ ಒಂದು ಓಟಿಗೆ ಎಷ್ಟು ಜನ ಬಂದ್ರು ಈ ಮನೆಗೆ. ನನ್ನನ್ನು ಯಾರಾದ್ರೂ ಮಾತಾಡಿಸಿದ್ರಾ? ಪಾಯಿಂಟ್ ಆರು ಮಾಡಿ ಕೂರಿಸಿದ್ರು.”

“ಮಾಡಿಸಿ ಮತ್ತೆ. ಎರಡಾದ್ರೆ ಮುಂದಿನ ಸಲ ನಿಜವಾಗ್ಲೂ ಒಡೀಬಹುದು.”

ಮುಂದಿನ ಶನಿವಾರ ಅಪೂರ್ವ ಮಿಲ್ಟನ್ನಿನಿಂದ ಬಂದು ಪೌರತ್ವದ ಅರ್ಜಿ ತುಂಬಿದಳು. ಅವನ ವಯಸ್ಸಿನವರಿಗೆ ಪರೀಕ್ಷೆ ಇಲ್ಲ ಎಂದು ತಿಳಿದು ಶೇಖರನಿಗೆ ಸ್ವಲ್ಪ ನಿರಾಸೆಯಾಯಿತು. ಪ್ರಾಂತ್ಯಗಳ ರಾಜಧಾನಿಗಳನ್ನೆಲ್ಲ ಅವನು ಆಗಲೇ ಬಾಯಿಪಾಠ ಮಾಡಿದ್ದ. ಅರ್ಜಿ ಹೋಗಿ ಈಗ ಐದು ತಿಂಗಳಾಯಿತು. ಪ್ರತಿ ದಿನ ಊಟಕ್ಕೆ ಕೂತಾಗ ಅವನು ಹೆಂಡತಿಯನ್ನು, ಇನ್ನೇನು ನಾನೂ ಓಟುದಾರನೇ ಆಗುತ್ತೇನಲ್ಲ, ಈಗಲಾದರೂ ಹೇಳು, ಯಾರಿಗೆ ಹಾಕಿದೆ ಎಂದು ಕೇಳುತ್ತಾನೆ. ಅವಳು ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕುತ್ತಾಳೆ.